ಕಾಶಮ್ಮನ ಬಾವಿಗೆ ಗುಲಾಬಿ ಬಣ್ಣ

ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಿನ ಹಳ್ಳಿಯೊಂದರಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದೆ. ಎಪ್ಪತ್ತರ ದಶಕದ ಮಾತು. ಮನೆಯಲ್ಲಿ ನಾಲ್ಕು ಎಮ್ಮೆ. ಕೊಟ್ಟಿಗೆ ತೊಳೆದ ನೀರು ಓಣಿಗೆ ಹರಿದು, ಜನ ಧೋತರ ಎತ್ತಿಕೊಂಡು ದಾಟುತ್ತಿದ್ದರು. ವಿಜ್ಞಾನ ಓದಿದವನ ಮನೆಯ ಮುಂದೆ ಇಂಥ ದೃಶ್ಯ ಶೋಭಿಸದೆಂದು ನಾನೊಂದು ಯೋಜನೆ ಹಾಕಿದೆ.

ಹಿತ್ತಲಾಚೆಯ ತಗ್ಗಿನಲ್ಲಿ ಜೊಂಡು ಬೆಳೆದ ಜೌಗು ಇತ್ತು. ಕೊಟ್ಟಿಗೆಯಿಂದ ಅಲ್ಲಿಗೆ ಕಾಲುವೆ ತೋಡಿದೆ. ಜೊಂಡಿನ ಬೇರು ಹೊಲಸನ್ನೆಲ್ಲ ಹೀರುತ್ತದೆಂದು ಓಣಿಯವರಿಗೆ ಅರ್ಧ ತಾಸು ಭಾಷಣವನ್ನೂ ಮಾಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಹೇಗೋ ನಡೆಯುತ್ತಿತ್ತು. ಇನ್ನಷ್ಟು ನೀರು ಹಿಡಿಯಲೆಂದು ಜೌಗಿನ ತಳದ ಜಿಗುಟು ಕರಿಮಣ್ಣನ್ನೇ ಅಗೆದು ತೆಗೆದೆ. ಕೆಳಗೆ ತೂತುತೂತಾದ ಕೆಂಪು ಕಲ್ಲು ಕಂಡಿತು. ನೀರು ನಿಲ್ಲದೆ ಇಳಿದುಹೋಗತೊಡಗಿದಾಗ, ಜೊಂಡು ಎಷ್ಟು ಚೆನ್ನಾಗಿ ಕುಡಿಯುತ್ತಿದೆಯೆಂದು ಹಿಗ್ಗಿದೆ!

ತಿಂಗಳೊಳಗೆ, ಇಳಿಜಾರಿನ ಕೆಳಗಿನ ಮನೆಯ ಕಾಶಮ್ಮ ಬಂದು ತಮ್ಮ ಬಾವಿನೀರು ನಾರುತ್ತಿದೆ ಎಂದರು. ಹೆರಿಗೆಗೆ ಬಂದು ಬಾಣಂತಿಯಾಗಿದ್ದ ಮಗಳಿಗೆ ಎರಡು ದಿನದಿಂದ ಭೇದಿಯಂತೆ. ತಪ್ಪು ನಮ್ಮದೇ ಇರಬೇಕೆಂದು ನನ್ನ ಹೆಂಡತಿ ಶಾಂತಾ ಹೇಳಿದಳು. ನಾನು ಒಪ್ಪಲಿಲ್ಲ. ಹೋಳಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣವನ್ನೆಲ್ಲ ಓಣಿಯವರ ಸಮ್ಮುಖದಲ್ಲಿ ಜೌಗಿಗೆ ಸುರಿದು, ಇದು ಬಾವಿಯಲ್ಲಿ ಕಂಡರೆ ನನ್ನ ವಿದ್ಯೆಯೇ ಸುಳ್ಳೆಂದು ಘೋಷಿಸಿದೆ.

ಮೂರನೆಯ ದಿನ ಬೆಳಿಗ್ಗೆ ಕಾಶಮ್ಮ ಕೊಡ ಹೊತ್ತು ಬಂದರು. ನೀರು ಗುಲಾಬಿ. ಅವರು ಜಗಳಾಡಲಿಲ್ಲ.

"ಮಾಸ್ತರ್, ನೀವು ಓದಿದವರು ಅಂತ ನಂಬಿ ಇದೇ ನೀರು ಬಾಣಂತಿಗಿ ಕುಡ್ಸಾಕತ್ತಿದ್ದೆ. ಈಗ ಏನ್ ಮಾಡ್ಲಿ, ಹೇಳ್ರಿ."

ಶಾಂತಾ ಆ ನೀರನ್ನು ಚೆಲ್ಲಿ, ಖಾಲಿ ಕೊಡವನ್ನು ನನ್ನ ಕೈಗಿತ್ತಳು. ನಮ್ಮ ಬಾವಿ ಮೇಲಿನ ದಿಬ್ಬದಲ್ಲಿದ್ದುದರಿಂದ ಕೆಟ್ಟಿರಲಿಲ್ಲ. ಅಲ್ಲಿಂದ ಕಾಶಮ್ಮನ ಮನೆಗೆ ದಿನವೂ ನಾನೇ ನೀರು ಹೊತ್ತೆ. ದಾರಿಯಲ್ಲಿ ಶಾಲೆಯ ಮಕ್ಕಳು ಎಂದಿನಂತೆ ನಮಸ್ಕಾರ ಮಾಡುತ್ತಿದ್ದರು. ಅದೇ ಹೆಚ್ಚು ಭಾರವೆನಿಸುತ್ತಿತ್ತು. ವಾರದಲ್ಲಿ ಮಗಳು ಚೇತರಿಸಿಕೊಂಡಳು. ಕಾಲುವೆ ಮುಚ್ಚಿ, ನೀರು ಇಂಗದಂತೆ ತಡೆದಿದ್ದ ಕರಿಮಣ್ಣನ್ನು ಮರಳಿ ತುಂಬಿ ತುಳಿದೆ. ಕೊಟ್ಟಿಗೆಯ ನೀರು ಬಂಡಿಯಲ್ಲಿ ಜೋಳದ ಹೊಲಕ್ಕೆ ಹೋಗತೊಡಗಿತು.

ಕಾಶಮ್ಮನ ಬಾವಿ ಕೆಡಿಸಲು ಒಂದು ತಿಂಗಳು ಸಾಕಾಗಿತ್ತು. ತಿಳಿಯಾಗಲು ಎರಡು ಮಳೆಗಾಲ ಬೇಕಾದವು. ನೀರು ತಿಳಿಯಾದ ದಿನ ಕಾಶಮ್ಮ ನಮ್ಮಿಬ್ಬರನ್ನೂ ಕರೆದು, ಬಾವಿಯಿಂದ ಸೇದಿದ ಮೊದಲ ತಂಬಿಗೆ ನೀರನ್ನು ನನ್ನ ಮುಂದೆ ಹಿಡಿದರು.

"ನೀವ ಮೊದ್ಲ ಕುಡೀರಿ, ಮಾಸ್ತರ್."

ಕುಡಿದೆ. ಶಾಂತಾ ತುಸು ಹೊತ್ತು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಕಾಶಮ್ಮನ ಕಡೆ ತಿರುಗಿದಳು.

"ಅಡ್ಡಿ ಇಲ್ಲ ಅಕ್ಕ, ಇವರಿಗೇನೂ ಆಗಿಲ್ಲ. ಇನ್ನ ನೀವೂ ಕುಡೀರಿ."