ಅಟ್ಟ ಹತ್ತಿದ ಮೇಕೆ ಹಾಲಿನ ಸೋಪು

ಅದು ಎಲ್ಲ ಬುಧವಾರಗಳಂಥ ಒಂದು ಬುಧವಾರ. ನಮ್ಮ ಮನೆಯವರು ಬೆಳಿಗ್ಗೆ ಮೇಕೆ ಹಾಲು ಕರೆದು, ಚೊಂಬನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಕಾಯಿ ಕೀಳಿಸಲು ತೋಟಕ್ಕೆ ಹೋದರು. ನಾನು ಶಾಲೆಗೆ ಹೋದೆ. ಮಕ್ಕಳಿಗೆ ಗಣಿತ ಹೇಳಿಕೊಡುವಾಗ ಫೋನು ಬಂತು. ಎದೆನೋವೆಂದು ಮರದ ಬುಡದಲ್ಲಿ ಕೂತವರು ಮತ್ತೆ ಏಳಲಿಲ್ಲ. ಸಂಜೆ ಮನೆ ತುಂಬ ಜನ. ಕಟ್ಟೆಯ ಮೇಲಿನ ಹಾಲು ಒಡೆದಿತ್ತು.

ಅವರಿಗೆ ಹಸುವಿನ ಹಾಲು ಒಗ್ಗುತ್ತಿರಲಿಲ್ಲ. ಮೇಕೆ ಸಾಕಿದ್ದೇ ಅದಕ್ಕಾಗಿ. ನನಗೂ ಅತ್ತೆಗೂ ಆ ಹಾಲಿನ ವಾಸನೆ ಆಗದು. ಅವರು ಹೋದ ಮೇಲೂ ಮೇಕೆ ಹಾಲು ಕೊಡುತ್ತಲೇ ಇತ್ತು.

"ಕುಡಿಯೋನೇ ಇಲ್ದ ಮೇಲೆ ಇದ್ಯಾಕವ್ವ? ಮಾರಿ ಬುಡು," ಎಂದರು ಅತ್ತೆ.

ನನಗೆ ಮನಸ್ಸು ಬರಲಿಲ್ಲ. ಒಲೆ ಹಚ್ಚದೆ, ಮೇಕೆ ಹಾಲು ಹಾಕಿ ಸೋಪು ಮಾಡುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಅದನ್ನು ಮಾಡುತ್ತೇನೆ, ಮೇಕೆ ಇರಲಿ ಎಂದೆ. ಅತ್ತೆ ಹುಟ್ಟಿದಾಗಿನಿಂದ ಸೀಗೆಪುಡಿ, ಕಡಲೆಹಿಟ್ಟು ಬಿಟ್ಟು ಬೇರೇನನ್ನೂ ಮೈಗೆ ಮುಟ್ಟಿಸಿದವರಲ್ಲ. ಅವರೇ ಷರತ್ತು ಹಾಕಿದರು: "ಅಟ್ಟದ ಕೊಬ್ಬರಿ ಇಳ್ಸೋ ಹೊತ್ಗೆ ನಾನು ಮೈಗೆ ಹಚ್ಕೊಳ್ಳೋವಂಥ ಸೋಪು ಬರ್ಬೇಕು. ಬರ್ಲಿಲ್ವಾ, ಮೇಕೆ ಕಿಬ್ಬನಹಳ್ಳಿ ವ್ಯಾಪಾರಿಗೆ."

ಒಪ್ಪಿದೆ. ಅಟ್ಟಕ್ಕೆ ಹಾಕಿದ ಕಾಯಿ ಕರಟದೊಳಗೇ ಒಣಗಿ ಕೊಬ್ಬರಿಯಾಗಲು ಇನ್ನೂ ತಿಂಗಳುಗಳಿದ್ದವು. ಸೋಪು ಮಾಡುವ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಖಾಲಿ ಡಬ್ಬ

ಸೋಪಿಗೆ ಎಣ್ಣೆ, ಹಾಲು ಸಾಲದು. ಕಾಸ್ಟಿಕ್ ಸೋಡಾ ಬೇಕು, ಅದು ವಿಷ. ತಿಪಟೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹಾರ್ಡ್‌ವೇರ್ ಅಂಗಡಿ ಇದೆ. ಅಲ್ಲಿಗೆ ಹೋಗಿ ಕೇಳಿದೆ.

"ಯಾಕ್ ಟೀಚರ್?"

"ಮನೆಗೆ."

ಕೇಳಿದಷ್ಟಕ್ಕೇ ಉತ್ತರ ಹೇಳುವುದು ನನ್ನ ಅಭ್ಯಾಸ. ಅವನು ನನ್ನ ಬರಿದಾದ ಹಣೆ ನೋಡಿದ, ಸ್ಟೂಲು ಎಳೆದು ಕೂರಿಸಿದ, ಟೀ ತರಿಸಿದ. ಆಮೇಲೆ, "ಸ್ಟಾಕಿಲ್ಲ ಟೀಚರ್," ಎಂದ. ಡಬ್ಬಗಳು ಅವನ ತಲೆಯ ಹಿಂದೆಯೇ ಸಾಲಾಗಿದ್ದವು. ತೋರಿಸಿದೆ.

"ಅವೆಲ್ಲ ಖಾಲಿ ಡಬ್ಬ. ನೀವು ಮನೆಗೋಗಿ, ಸಂಜೆ ನಾನೇ ತಂದ್ಕೊಡ್ತೀನಿ."

ಸಂಜೆ ಬಂದ. ಜೊತೆಗೆ ಅವನ ಹೆಂಡತಿ ಮತ್ತು ನಮ್ಮ ಶಾಲೆಯ ಹೆಡ್‌ಮಾಸ್ಟರು. ಡಬ್ಬ ಕಾಣಲಿಲ್ಲ. ಹೆಡ್‌ಮಾಸ್ಟರು ಬದುಕು ದೊಡ್ಡದು, ಮನುಷ್ಯ ಧೈರ್ಯಗೆಡಬಾರದು ಎಂದು ಬಹಳ ಹೊತ್ತು ಹೇಳಿದರು. ಹಿರಿಯರ ಮಾತಿಗೆ ಅಡ್ಡ ಬರಬಾರದೆಂದು ಪೂರ್ತಿ ಕೇಳಿಸಿಕೊಂಡು, "ಸಾರ್, ನಾನು ಸೋಪು ಮಾಡ್ಬೇಕಿತ್ತು," ಎಂದೆ.

ಹೆಡ್‌ಮಾಸ್ಟರು ಅಂಗಡಿಯವನ ಮುಖ ನೋಡಿದರು. ಕಾಫಿ ತಂದ ಅತ್ತೆ ಹೇಳಿದರು: "ಮೇಕೆ ಹಾಲಿನ ಸೋಪಂತೆ ಸ್ವಾಮಿ. ಬುದ್ಧಿ ಹೇಳಾಕೆ ಬಂದಿದ್ರೆ ಇದಕ್ಕೆ ಒಸಿ ಹೇಳಿ."

ಹೊಸ ಶರಬತ್ತು

ಮಾರನೆಯ ದಿನ ಡಬ್ಬ ಬಂತು. ಮೊದಲ ಸಲ, ಆಗ ತಾನೇ ಕರೆದ ಹಾಲಿಗೇ ಸೋಡಾ ಸುರಿದೆ. ಹಾಲು ಕುದಿಯುವಷ್ಟು ಬಿಸಿಯಾಗಿ, ಅದರೊಳಗಿನ ಸಕ್ಕರೆ ಸುಟ್ಟು, ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅದರ ಗಬ್ಬು ವಾಸನೆಗೆ ಮೇಕೆಯೇ ಹಗ್ಗ ಎಳೆದುಕೊಂಡು ಅಂಗಳದ ಆ ತುದಿಗೆ ಹೋಗಿ ನಿಂತಿತು.

"ನೋಡು, ಮೇಕೆಗೇ ತಡ್ಯಾಕೆ ಆಯ್ತಾ ಇಲ್ಲ," ಎಂದರು ಅತ್ತೆ.

ಹಾಲನ್ನು ಮೊದಲು ಐಸಿನ ಹಾಗೆ ಗಟ್ಟಿ ಮಾಡಿ, ಆ ಗಡ್ಡೆಗಳ ಮೇಲೆ ಸೋಡಾವನ್ನು ಚೂರುಚೂರೇ ಉದುರಿಸಬೇಕು ಎಂದು ಆಮೇಲೆ ಕಲಿತೆ. ಫ್ರಿಜ್ಜಿನ ಐಸ್ ತಟ್ಟೆ ತುಂಬ ಹಾಲು ತುಂಬಿಟ್ಟು ಶಾಲೆಗೆ ಹೋದೆ.

ಅವತ್ತು ಮಧ್ಯಾಹ್ನ ನಮ್ಮ ಕೊಬ್ಬರಿ ಕೊಳ್ಳುವ ಮಂಡಿ ಸಾಹುಕಾರರು ಅಟ್ಟ ನೋಡಲು ಬಂದರು. ಬಿಸಿಲಲ್ಲಿ ಬಂದವರಿಗೆ ಅತ್ತೆ ನಿಂಬೆಹಣ್ಣಿನ ಶರಬತ್ತು ಮಾಡಿ, ಇರಲಿ ಎಂದು ಐಸನ್ನೂ ಹಾಕಿದರು. ನಾನು ಮನೆಗೆ ಬರುವ ಹೊತ್ತಿಗೆ ಸಾಹುಕಾರರು ಲೋಟ ಹಿಡಿದು, ಶರಬತ್ತನ್ನು ನಿಧಾನವಾಗಿ ಅಗಿಯುತ್ತಿದ್ದರು.

"ಶರಬತ್ತಿಗೆ ಪನೀರ್ ಹಾಕೋದು ಹೊಸದಾ ಅಜ್ಜಿ?"

ಅತ್ತೆ ಲೋಟದೊಳಗೆ ಬಗ್ಗಿ ನೋಡಿದರು. ಗೊತ್ತಿಲ್ಲ ಎನ್ನುವ ಮಾತು ಅವರ ಬಾಯಲ್ಲಿ ಯಾವತ್ತೂ ಬಂದಿಲ್ಲ.

"ಹೂ ಕಣಪ್ಪ. ಟೀಚರ್ ಮನೆ ಅಲ್ವಾ."

ಗುಳಿಯಿಲ್ಲದ ಕೊಬ್ಬರಿ

ಎರಡನೆಯ ಸಲ ಸೋಪು ಕೂಡಿ ಬಂತು. ಮನೆಯದೇ ಕೊಬ್ಬರಿ ಎಣ್ಣೆ, ದೋಸೆ ಹಿಟ್ಟಿನ ಹದ, ಕೆನೆಯ ಬಣ್ಣ. ಅಚ್ಚು ಇರಲಿಲ್ಲ. ನಮ್ಮ ಸೀಮೆಯಲ್ಲಿ ತೆಂಗಿನ ಕರಟಕ್ಕೇನು ಬರ? ಕರಟಗಳಿಗೆ ಹುಯ್ದೆ. ಮಾರನೆಯ ದಿನ ಬಿಡಿಸಲು ಹೋದರೆ ಒಂದೂ ಬರಲಿಲ್ಲ. ಚಾಕು ಮುರಿಯಿತು.

ಹೇಗೂ ಸೋಪು ವಾರಗಟ್ಟಲೆ ಒಣಗಿ ಮಾಗಬೇಕು. "ಕೊಬ್ಬರಿ ಮಾಗೋ ಜಾಗದಲ್ಲಿ ಇದೂ ಮಾಗ್ಲಿ ಬುಡು," ಎಂದು ಅತ್ತೆ ಕರಟಗಳ ಸಮೇತ ಅಟ್ಟಕ್ಕೆ ಹತ್ತಿಸಿದರು.

ಕೊಬ್ಬರಿ ಇಳಿಸುವ ದಿನ ಬಂತು. ಅಂಗಳದಲ್ಲಿ ಕೆಲಸದ ಹೆಂಗಸರು ಕೂತು, ಕುಡುಗೋಲಿನ ಹಿಂಬದಿಯಿಂದ ತಟ್ಟಿ ಕರಟ ಹಾರಿಸುತ್ತಿದ್ದರು. ಇಡೀ ಉಂಡೆ ಒಂದು ಕಡೆ, ಒಡೆದ ಹೋಳು ಇನ್ನೊಂದು ಕಡೆ. ಆ ವೇಗದಲ್ಲಿ ನನ್ನ ಸೋಪಿನ ಕರಟಗಳೂ ಹಾರಿ, ಸೋಪುಗಳು ಹೋಳಿನ ರಾಶಿ ಸೇರಿದವು. ನಾನು ಒಂದು ದಿನವೆಲ್ಲ ಹೆಣಗಿದ ಕೆಲಸ ಅವರಿಗೆ ಒಂದೇ ಪೆಟ್ಟಿನದು.

ಸಾಹುಕಾರರು ಬಂದವರು ರಾಶಿಯಿಂದ ಒಂದು ಹೋಳು ಎತ್ತಿದರು. ಕೊಬ್ಬರಿ ಹೋಳಿನ ಮಧ್ಯೆ ಗುಳಿ ಇರುತ್ತದೆ, ಇದರಲ್ಲಿ ಇರಲಿಲ್ಲ. ಅವರ ಮುಖ ಅರಳಿತು.

"ತಿರುಳೇ ತಿರುಳು. ಇಂಥ ದಪ್ಪ ಕೊಬ್ಬರಿ ನಾನು ಕಂಡೇ ಇಲ್ಲ. ಯಾವ ಮರದ್ದಜ್ಜಿ ಇದು?"

ಕೊಬ್ಬರಿ ವ್ಯಾಪಾರದವರು ಕಚ್ಚಿ ನೋಡದೆ ಮಾತಾಡುವುದಿಲ್ಲ. ನಾನು "ಸಾಹುಕಾರ್ರೇ" ಎನ್ನುವಷ್ಟರಲ್ಲಿ ಕಚ್ಚಿಯಾಗಿತ್ತು. ಆಮೇಲೆ ಅವರು ತೊಟ್ಟಿಯ ಬಳಿ ಬಹಳ ಹೊತ್ತು ಬಗ್ಗಿ ನಿಂತರು. ಎಷ್ಟು ನೀರು ಮುಕ್ಕಳಿಸಿದರೆ ಅಷ್ಟು ನೊರೆ.

ಕೆಲಸದವಳೊಬ್ಬಳು ತಲೆಯೆತ್ತದೆಯೇ ಹೇಳಿದಳು: "ಬಾಯಿ ಚೊಕ್ಕ ಆಯ್ತು ಬುಡಿ. ಇವತ್ತಾದ್ರೂ ರೇಟು ಸರಿಯಾಗಿ ಹೇಳ್ತಾರೆ."

ಮೇಕೆಯ ಗುಣಗಳು

ಸಾಹುಕಾರರು ನಕ್ಕು ಹೋದರು. ಅತ್ತೆಗೆ ಮಾತ್ರ ಅವಮಾನವಾಗಿತ್ತು. "ಸಾಕು ಕಣೇ. ಕೊಬ್ಬರಿನೂ ಇಳೀತು, ವಾಯ್ದೆನೂ ಮುಗೀತು," ಎಂದು ಅವತ್ತೇ ಕಿಬ್ಬನಹಳ್ಳಿ ವ್ಯಾಪಾರಿಗೆ ಹೇಳಿ ಕಳಿಸಿದರು. ಷರತ್ತು ಒಪ್ಪಿದವಳು ನಾನೇ.

ಮಾರನೆಯ ಬೆಳಿಗ್ಗೆ ಅತ್ತೆ ಕಡಲೆಹಿಟ್ಟಿನ ಡಬ್ಬ ಮುಟ್ಟದೆ, ಸಾಹುಕಾರರು ಕಚ್ಚಿದ್ದ ಹೋಳನ್ನೇ ಹಿಡಿದು ಬಚ್ಚಲಿಗೆ ಹೋದರು. ಹೊರಗೆ ಬರುವುದು ತಡವಾಯಿತು. ಬಂದವರು ಹೋಳನ್ನು ಒಣಗಲು ಜೋಪಾನವಾಗಿ ಕಿಟಕಿಯಲ್ಲಿಟ್ಟರು.

ನಾನು ಹಾಲು ಕರೆದು ಏಳುವಾಗ ವ್ಯಾಪಾರಿ ಬಂದ. ಮೇಕೆಯ ತುಟಿ ಎತ್ತಿ ನೋಡಿ, "ಹಲ್ಲು ಚೆನ್ನಾಗವೆ," ಎಂದ.

"ಅದೇ ತೊಂದ್ರೆ," ಎಂದರು ಅತ್ತೆ. "ನನ್ನ ಸೀರೆ ಸೆರಗು ತಿಂದೈತೆ."

"ಹಾಲೆಷ್ಟು ಕೊಡ್ತದೆ?"

"ಕೊಡಾಕಿಲ್ಲ. ಒದೀತದೆ."

ವ್ಯಾಪಾರಿ ನನ್ನ ಕೈಯಲ್ಲಿದ್ದ ನೊರೆಹಾಲಿನ ಚೊಂಬು ನೋಡಿದ.

"ಅದು ಪಾಕೀಟು ಹಾಲು," ಎಂದರು ಅತ್ತೆ.

"ಅಲ್ಲಜ್ಜಿ, ನಿನ್ನೆ ನೀವೇ ಬಾ ಅಂತ ಹೇಳಿ ಕಳ್ಸಿದ್ರಲ್ಲ."

"ನಿನ್ನೆ ಬರ್ಬೇಕಿತ್ತು."

ಅವನೂ ಹಳೆಯ ಹುಲಿ. "ಇಷ್ಟು ಕೆಟ್ಟ ಮೇಕೆ ಇಟ್ಕೊಂಡು ಯಾಕೆ ಕಷ್ಟ ಪಡ್ತೀರಿ? ಕೊಡಿ, ನಾನೇ ಒಯ್ದು ನಿಮ್ಮ ಕಷ್ಟ ಕಳೀತೀನಿ," ಎಂದು ಹಗ್ಗಕ್ಕೆ ಕೈ ಹಾಕಿದ.

ಅತ್ತೆ ಹಗ್ಗವನ್ನು ಅವನ ಕೈಯಿಂದ ಬಿಡಿಸಿಕೊಂಡರು. "ನಮ್ಮ ಕಷ್ಟ ನಾವೇ ಪಡ್ತೀವಿ ಕಣಪ್ಪ. ನೀನು ಕಾಫಿ ಕುಡ್ಕೊಂಡು ಹೊರಡು."

ಆಮೇಲೆ ನನ್ನ ಕಡೆ ತಿರುಗಿದರು. "ನಿಂತ್ಕೊಂಡು ಏನ್ ನೋಡ್ತೀಯೇ? ಇವ್ನ ಕಾಫಿಗೆ ಆ ಹಾಲೇ ಹಾಕು. ಪಾಕೀಟು ಹಾಲು ಅಂತ ಹೇಳಿವ್ನಿ."

ಮೇಕೆ ಈಗ ಗಬ್ಬವಾಗಿದೆ.