ಗೆದ್ದಾಗ ಕುಣಿಯಬೇಕೋ ಬೇಡವೋ, ದಯವಿಟ್ಟು ತಿಳಿಸಿ

ಟೊಲೀಡೋ ಹೆರನ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಪ್ರಧಾನ ವ್ಯವಸ್ಥಾಪಕರೂ, ತಾಳ್ಮೆ ಎಂಬ ಪದವನ್ನು ಇಡೀ ಓಹಾಯೋ ರಾಜ್ಯಕ್ಕೆ ಬಾಯಿಪಾಠ ಮಾಡಿಸಿದವರೂ ಆದ ಶ್ರೀ ಪ್ರೆಸ್ಟನ್ ಹೇಲ್ ಅವರ ಸನ್ನಿಧಾನಕ್ಕೆ, ನದಿಯಾಚೆಯ ಹಂಗೇರಿಯನ್ನರ ಕೇರಿಯಿಂದ ಇರ್ಮಾ ಸಾಬೋ ಮಾಡುವ ನಮಸ್ಕಾರಗಳು.

ಮಾನ್ಯರೇ,

ಈ ಪತ್ರವನ್ನು ನಾನು ಇಷ್ಟಪಟ್ಟು ಬರೆಯುತ್ತಿಲ್ಲ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಗಾಜಿನ ಕಾರ್ಖಾನೆಯಲ್ಲಿ ಲೋಟಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಸೇರಿದವಳು ನಾನು. ಬಾಯಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಬೈಗುಳಕ್ಕೆ ಕಾಗದ, ಪೆನ್ನು, ಅಂಚೆಚೀಟಿ ಎಂದೆಲ್ಲ ಖರ್ಚು ಮಾಡುವ ಅಭ್ಯಾಸ ನನಗಿಲ್ಲ. ತಮ್ಮ ಕಚೇರಿಗೆ ಫೋನ್ ಮಾಡಿದೆ. ಮೊದಲು ಒಂದು ಯಂತ್ರ ಆ ಗುಂಡಿ ಒತ್ತು, ಈ ಗುಂಡಿ ಒತ್ತು ಎಂದಿತು, ಆಮೇಲೆ ತುತ್ತೂರಿ ಕೇಳಿಸಿತು, ಕಡೆಗೆ ಒಬ್ಬ ಹುಡುಗಿ ಬಂದು, "ಮೇಡಂ, ಕಂಪ್ಲೇಂಟ್ ಏನಿದ್ರೂ ಬರೆದು ಕಳಿಸ್ಬೇಕು" ಎಂದಳು. "ಬರೆಯೋ ಹಂಗಿದ್ರೆ ನಿನಗ್ಯಾಕಮ್ಮ ಫೋನ್ ಮಾಡ್ತಿದ್ದೆ?" ಎಂದೆ. "ಹಂಗಾದ್ರೆ ಯಾರ ಕೈಲಾದ್ರೂ ಬರೆಸಿ" ಎಂದು ಇಟ್ಟುಬಿಟ್ಟಳು. ಸರಿ, ನಾನೇ ಬರೆದಿದ್ದೇನೆ, ಬೇಕರಿಯ ಕಿಟಕಿಗೂ ಚರ್ಚಿನ ನೋಟೀಸು ಹಲಗೆಗೂ ಒಂದೊಂದು ಪ್ರತಿ ಅಂಟಿಸಿದ್ದೇನೆ. ಅನುಭವಿಸಿ.

ತಂಡವನ್ನು ಬುಡದಿಂದ ಮತ್ತೆ ಕಟ್ಟುತ್ತಿದ್ದೇವೆ ಎಂದು ತಾವು ಟಿವಿಯಲ್ಲಿ ಮೊದಲ ಸಲ ಅಪ್ಪಣೆ ಕೊಡಿಸಿದ ದಿನ ನನ್ನ ಎರಡು ಮಂಡಿಗಳೂ ಹುಟ್ಟಿನಿಂದ ಬಂದವೇ ಆಗಿದ್ದವು. ಆಮೇಲೆ ಎರಡನ್ನೂ ತೆಗೆಸಿ ಲೋಹದ್ದು ಹಾಕಿಸಿಕೊಂಡಾಯಿತು, ಅವುಗಳಲ್ಲಿ ಒಂದು ಈಗ ಸವೆದು ಕಿರುಗುಟ್ಟುತ್ತಿದೆ, ತಾವು ಮಾತ್ರ ಇನ್ನೂ ಅಡಿಪಾಯದಲ್ಲೇ ಇದ್ದೀರಿ. ಅಷ್ಟು ಆಳದ ಅಡಿಪಾಯ ಹಾಕಿದ ತಮ್ಮ ಶ್ರದ್ಧೆಯನ್ನು ಎಷ್ಟು ಹೊಗಳಿದರೂ ಸಾಲದು. ಇನ್ನೊಂದಿಷ್ಟು ಅಗೆದರೆ ನೀರು ಬರುತ್ತದೆ, ಊರಿಗೆ ಅದಾದರೂ ಸಿಕ್ಕೀತು. ತಂಡಕ್ಕೆ ಕೊಕ್ಕರೆಯ ಹೆಸರಿಟ್ಟವರಂತೂ ಎಂಥ ದೂರದೃಷ್ಟಿಯವರು! ಒಂಟಿಕಾಲಿನಲ್ಲಿ, ಒಂದೇ ಜಾಗದಲ್ಲಿ, ಏನೋ ಮಹತ್ತರವಾದುದನ್ನು ಯೋಚಿಸುತ್ತಿರುವ ಮುಖ ಹೊತ್ತು ನಿಲ್ಲುವುದರಲ್ಲಿ ನಮ್ಮ ಹುಡುಗರನ್ನು ಮೀರಿಸುವವರಿಲ್ಲ.

ತಮ್ಮ ವ್ಯಾಪಾರ ಚಾತುರ್ಯವನ್ನೂ ಮರೆಯುವಂತಿಲ್ಲ. ಚೆಂಡನ್ನು ಬುಟ್ಟಿಗೆ ಹಾಕಲು ಬರುತ್ತಿದ್ದ ಒಬ್ಬನೇ ಒಬ್ಬನನ್ನು ಬೇರೆ ಊರಿಗೆ ಕೊಟ್ಟು, ಬದಲಿಗೆ ಎಷ್ಟೋ ವರ್ಷ ಆದಮೇಲೆ ಯಾರೋ ಒಬ್ಬ ಹುಡುಗನನ್ನು ಆರಿಸಿಕೊಳ್ಳುವ ಹಕ್ಕು ತಂದಿರಿ. ಆ ಹುಡುಗ ಈಗ ಶಿಶುವಿಹಾರದಲ್ಲಿ ಮಣ್ಣು ತಿನ್ನುತ್ತಿರಬಹುದು. ದಯವಿಟ್ಟು ಅವನ ವಿಳಾಸ ಕೊಡಿ, ವಾರಕ್ಕೊಮ್ಮೆ ಸೂಪು ಮಾಡಿ ಕಳಿಸುತ್ತೇನೆ, ಬೇಗ ಬೆಳೆಯಲಿ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಹೆಚ್ಚು ಸೋತ ತಂಡಕ್ಕೆ ಕಾಲೇಜಿನ ಒಳ್ಳೆಯ ಆಟಗಾರ ಸಿಗುವ ಅದೃಷ್ಟ ಹೆಚ್ಚು ಎಂಬುದು ತಮ್ಮ ಲೀಗಿನ ನಿಯಮ. ಯಾವ ಪುಣ್ಯಾತ್ಮ ಮಾಡಿದನೋ ಅದನ್ನು, ಅವನ ಮನೆಯಲ್ಲಿ ಅನ್ನ ಸೀಯಿಸಿದವರಿಗೇ ಮೊದಲ ಬಡಿಸುವಿಕೆ ಇರಬೇಕು. ಅದರಿಂದಾಗಿ ಏಪ್ರಿಲ್ ಬಂತೆಂದರೆ ಊರಿನ ಅರ್ಧ ಜನ ನಮ್ಮವರೇ ಸೋಲಲಿ ಎಂದು ಮೊಂಬತ್ತಿ ಹಚ್ಚುತ್ತಾರೆ. ನನ್ನ ಅಣ್ಣ ಲಾಸ್ಲೊ ಆ ಪಂಗಡದವನು. ಈ ಸಲ ಅವನ ಕಣ್ಣು ಕಾಲೇಜಿನ ಒಬ್ಬ ಏಳಡಿ ಎತ್ತರದ ಹುಡುಗನ ಮೇಲಿತ್ತು.

ಈ ವರ್ಷದ ಕಡೆಯ ಆಟ ಒಮಾಹಾದವರ ಜೊತೆ. ನಾವಿಬ್ಬರೂ ಎಂದಿನಂತೆ ಮೇಲಿನ ಸಾಲಿನಲ್ಲಿ ಅಕ್ಕಪಕ್ಕ ಕೂತಿದ್ದೆವು. ನಮ್ಮವರ ಅಂಗಿ ತೊಟ್ಟುಕೊಂಡೇ ಲಾಸ್ಲೊ ಎದುರಾಳಿಗಳಿಗೆ, "ಹಾಕಪ್ಪಾ ಹಾಕು, ನಿನ್ ಕೈಗೆ ಏನಾಗಿದೆ?" ಎಂದು ಬೇಡಿಕೊಳ್ಳುತ್ತಿದ್ದ. ಇನ್ನೇನು ಗಂಟೆ ಹೊಡೆಯಬೇಕು ಎನ್ನುವಾಗ ನಮ್ಮ ಡೆವಾಂಟೆ ಪ್ರೂಯಿಟ್, ವರ್ಷವಿಡೀ ಬುಟ್ಟಿಯ ಕೆಳಗೇ ನಿಂತು ಗುರಿ ತಪ್ಪಿದವನು, ಅಂಗಳದ ಆ ತುದಿಯಿಂದ, ಬುಟ್ಟಿಯ ಕಡೆ ನೋಡದೆಯೇ, ಚೆಂಡನ್ನು ಕಸ ಎಸೆದ ಹಾಗೆ ಎಸೆದ. ಅದು ನೇರ ಒಳಗೆ ಹೋಗಿ ಬಿತ್ತು. ಗೆದ್ದೆವು! ನಾನು ಎದ್ದು ನಿಂತು, ಮುಂದಿನ ಸಾಲಿನವನ ಟೋಪಿ ಕಿತ್ತು ಗಾಳಿಗೆ ಎಸೆದು ಕಿರುಚಿದೆ.

"ಕೂತ್ಕೊಳೇ ಇರ್ಮಾ! ಗೆದ್ದು ಹಾಳಾಗಿ ಹೋದ್ವಲ್ಲೇ!" ಎಂದ ಲಾಸ್ಲೊ.

"ಗೆದ್ದಾಗ ಕುಣೀದೆ ಇನ್ಯಾವಾಗ ಕುಣೀಲೋ? ನಿನ್ನ ಹೆಣ ಎತ್ತೋವಾಗಲಾ?"

"ಆ ಏಳಡಿ ಹುಡುಗ ಹೋದ! ನಿನ್ನ ಚೀರಾಟಕ್ಕೇ ಹೋದ!"

"ಚೆಂಡು ಎಸೆದೋನು ಪ್ರೂಯಿಟ್ಟು, ನಾನಲ್ಲ!"

"ನೀನು ಚಪ್ಪಾಳೆ ತಟ್ಟಿ ತಟ್ಟೀನೇ ಅವನು ಕೆಟ್ಟಿದ್ದು!"

ಅಷ್ಟು ಹೇಳಿ, ನನ್ನ ಕಾರಿನಲ್ಲಿ ಬಂದವನು ಬಸ್ಸು ಹತ್ತಿ ಹೋದ. ಮೇ ತಿಂಗಳಲ್ಲಿ ಲೀಗಿನವರು ಚೀಟಿ ಎತ್ತಿದಾಗ ಆ ಏಳಡಿ ಹುಡುಗನನ್ನು ಮೊದಲು ಆರಿಸುವ ಅದೃಷ್ಟ, ನಾವು ಸೋಲಿಸಿದ ಆ ಒಮಾಹಾದವರಿಗೇ ಹೋಯಿತು. ನಾವು ಎಂದಿನ ಹಾಗೆ ನಡುಮಧ್ಯೆ. ಅತ್ತಿಗೆ ಮಾರ್ಗಿಟ್ ತೀರಿಕೊಂಡ ಮೇಲೆ ಒಂದು ಭಾನುವಾರವೂ ತಪ್ಪದೆ ನನ್ನ ಮೇಜಿಗೆ ಬಂದು ಕೋಳಿ ಪಾಪ್ರಿಕಾಶ್ ತಿಂದು, ಉಪ್ಪು ಕಡಿಮೆ ಎಂದು ಗೊಣಗಿ ಹೋಗುತ್ತಿದ್ದ ಮನುಷ್ಯ ಆಮೇಲೆ ಈ ಕಡೆ ತಲೆ ಹಾಕಿಲ್ಲ. ಡಬ್ಬದ ಸೂಪನ್ನು ಬಿಸಿ ಕೂಡ ಮಾಡದೆ ಕುಡಿಯುತ್ತಿದ್ದಾನಂತೆ. ನಾನು ಒಬ್ಬಳಿಗೆ ಅಡುಗೆ ಮಾಡುವುದನ್ನು ಕಲಿತಿಲ್ಲ. ಉಳಿದದ್ದನ್ನು ಪಕ್ಕದ ಮನೆಯ ನಾಯಿಗೆ ಹಾಕಿ ಹಾಕಿ ಅದು ಈಗ ಮೆಟ್ಟಿಲು ಹತ್ತಲಾರದು.

ನಮ್ಮಿಬ್ಬರಲ್ಲಿ ಯಾರು ಸರಿ ಎಂದು ಪಾದ್ರಿಗಳನ್ನು ಕೇಳಿದೆ. ಅವರು ಶಿಲುಬೆಯ ಕಡೆ ಒಮ್ಮೆ ನೋಡಿ, "ಹೆರನ್ಸ್ ವಿಷಯ ಅಲ್ವಾ? ಮೇಲಿನವನಿಗೂ ಗೊತ್ತಿರಲಾರದು ಇರ್ಮಾ, ಮ್ಯಾನೇಜರನ್ನೇ ಕೇಳು" ಎಂದರು.

ಆದ್ದರಿಂದ ತಮ್ಮನ್ನು ಕೇಳುತ್ತಿದ್ದೇನೆ. ನಮ್ಮ ತಂಡ ಮುಂದಕ್ಕೆ ಹೋಗುತ್ತಿದೆಯೋ, ಹೂತುಕೊಂಡಿದೆಯೋ? ಮುಂದಕ್ಕೆ ಹೋಗುತ್ತಿದ್ದರೆ ಆ ಗೆಲುವು ಗೆಲುವೇ, ಲಾಸ್ಲೊ ಬಂದು ಕ್ಷಮೆ ಕೇಳಬೇಕು. ಹೂತುಕೊಂಡಿದ್ದರೆ ಆ ಗೆಲುವು ದಂಡ, ನಾನು ಹೋಗಿ ಕೇಳುತ್ತೇನೆ, ಹಲ್ಲು ಕಚ್ಚಿಕೊಂಡು. ಬರುವ ವರ್ಷದಿಂದಾದರೂ ಕ್ರೀಡಾಂಗಣದ ಮಾಡಿನಲ್ಲಿ ಒಂದು ದೊಡ್ಡ ದೀಪ ನೇತುಹಾಕಿಸಿ, ಕುಣಿಯಬೇಕಾದಾಗ ಹಸಿರು, ಅಳಬೇಕಾದಾಗ ಕೆಂಪು ಹಚ್ಚುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ. ಅದು ಆಗದಿದ್ದರೆ ಪ್ರೂಯಿಟ್‌ನ ಕಣ್ಣಿಗೆ ಬಟ್ಟೆ ಕಟ್ಟಿ ಆಡಿಸಿ. ನೋಡಿ ಎಸೆದದ್ದು ಬೀಳುವುದಿಲ್ಲ, ನೋಡದೆ ಎಸೆದದ್ದು ಬೀಳುತ್ತದೆ ಎಂಬುದು ಊರಿಗೆಲ್ಲ ತಿಳಿದಿದೆ, ತಮಗೆ ತಿಳಿದಿಲ್ಲ ಅಷ್ಟೆ.

ಜೂನ್ ಇಪ್ಪತ್ತೇಳಕ್ಕೆ ಲಾಸ್ಲೊನ ಹೆಸರಿನ ಹಬ್ಬ, ಆ ಹೆಸರಿನ ಸಂತನ ದಿನ. ನಮ್ಮಲ್ಲಿ ಹುಟ್ಟುಹಬ್ಬಕ್ಕಿಂತ ಅದು ದೊಡ್ಡದು. ಆ ದಿನ ಅವನು ಒಬ್ಬನೇ ಕೂತು ಡಬ್ಬ ತೆರೆದರೆ ಆ ಪಾಪ ತಮ್ಮ ಅಡಿಪಾಯದ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಆದರೂ, ಬೇರೆ ದಾರಿ ಕಾಣದೆ, ಈಗಲೂ ತಮ್ಮ ವಿಶ್ವಾಸಿ,
ಇರ್ಮಾ ಸಾಬೋ

ತಾ.ಕ.: "ನಾವು ನಂಬರ್ ಒನ್" ಎಂದು ಬರೆದು ಕ್ರೀಡಾಂಗಣದಲ್ಲಿ ಮಾರುವ, ಬೆರಳೆತ್ತಿದ ಆ ದೊಡ್ಡ ಸ್ಪಂಜಿನ ಕೈಯನ್ನು ಕಾಣಿಕೆಯಾಗಿ ಕಳಿಸಬೇಡಿ, ಕಳಿಸಿದರೆ ಅದರ ಬೆರಳು ಕತ್ತರಿಸಿ ವಾಪಸು ಹಾಕುತ್ತೇನೆ. ಟಿವಿಯಲ್ಲಿ ಹೇಳುವ ಹಾಗೆ "ಪ್ರಕ್ರಿಯೆಯನ್ನು ನಂಬಿ" ಎಂದೂ ಬರೆಯಬೇಡಿ. ಹೋಗುತ್ತಿದೆಯೋ ಹೂತಿದೆಯೋ, ಒಂದೇ ಮಾತು ಸಾಕು. ತಮಗೂ ಗೊತ್ತಿಲ್ಲದಿದ್ದರೆ "ನಮಗೇ ಗೊತ್ತಿಲ್ಲ" ಎಂದು ಬರೆದು ಸಹಿ ಹಾಕಿ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿರುವುದೂ ಅದೇ. ಆ ಕಾಗದ ಹಿಡಿದು ನಾನು ಅವನ ಬಾಗಿಲು ತಟ್ಟಬಹುದು, ಆಮೇಲೆ ಇಬ್ಬರೂ ಒಂದೇ ಮೇಜಿಗೆ ಕೂತು ತಮ್ಮನ್ನು ಬೈಯಬಹುದು. ಜೂನ್ ಇಪ್ಪತ್ತೈದರೊಳಗೆ ಉತ್ತರ ಬರಬೇಕು.