ಲಕ್ವದ ಡಾಕ್ಟ್ರಿಗೆ ಪರದೇಶದ ಕರೆ

ಮನೇಲಿ ಒಬ್ಬಳು ಡಾಕ್ಟರಾದ್ರೆ ಕಾಯಿಲೆ ಕಮ್ಮಿ ಆಗುತ್ತೋ ಇಲ್ವೋ, ನಗು ಮಾತ್ರ ಕಮ್ಮಿ ಆಗಲ್ಲ. ನನ್ನ ಮೊಮ್ಮಗಳು ದುರ್ಗದಲ್ಲಿ ಲಕ್ವ ಹೊಡೆದವರನ್ನ ಮತ್ತೆ ನಡೆಸೋ ಡಾಕ್ಟರು. ಅದರ ಮೇಲೇ ಸಂಶೋಧನೆ. ಪರದೇಶದ ದೊಡ್ಡ ಆಸ್ಪತ್ರೆಯೊಂದು ಅಂಥ ಡಾಕ್ಟ್ರುಗಳಲ್ಲಿ ಒಬ್ಬರನ್ನ ಆರಿಸಿ, ಖರ್ಚೆಲ್ಲ ತಾನೇ ಹಾಕಿ ಕರೆಸ್ಕೊಂಡು ಇನ್ನಷ್ಟು ಕಲಿಸುತ್ತಂತೆ. ಅದು ತನಗೇ ಸಿಗಬೇಕು ಅಂತ ಹುಡುಗಿ ಊಟ ನಿದ್ದೆ ಬಿಟ್ಟಿದ್ಲು.

ಫೇಲಾದ್ಲಾ?

ಸುದ್ದಿ ಕೇಳಿ ಹೊಳಲ್ಕೆರೆಯ ನಮ್ಮ ಪಕ್ಕದ ಮನೆಯಾಕೆ ಓಡಿ ಬಂದ್ಲು.

"ಡಾಕ್ಟರಾದ ಮೇಲೂ ಕಲಿಯಾಕೆ ಹೋಗ್ತಾಳಾ? ಅಯ್ಯೋ, ಫೇಲಾದ್ಲಾ?"

"ಫೇಲಾದೋರನ್ನ ಖರ್ಚು ಕೊಟ್ಟು ಕರೆಸ್ಕೊಳ್ಳಂಗಿದ್ರೆ, ನಿನ್ನ ಗಂಡ ಇಷ್ಟೊತ್ತಿಗೆ ಲಂಡನ್ನಲ್ಲಿ ಇರ್ತಿದ್ದ ಕಣೇ!" ಅಂದೆ.

ನಾನೇ ಕುರಿ

ಮದಕರಿಪುರದ ಕುರುಬರ ಅಜ್ಜನಿಗೆ ಬಲಗಡೆ ಲಕ್ವ ಹೊಡೆದಿತ್ತು. ಮೊಮ್ಮಗಳು ಎರಡು ಕಂಬಿ ನಡುವೆ ನಿಲ್ಲಿಸಿ ನಡೀರಿ ಅಂದ್ರೆ, ಆತ ಜಪ್ಪಯ್ಯ ಅನ್ನಲಿಲ್ಲ.

"ಮುಂದೆ ಕುರಿ ಇಲ್ದಂಗೆ ಸುಮ್ನೆ ನಡೆಯಾಕೆ ನಂಗೇನು ತಲೆ ಕೆಟ್ಟೈತಾ ತಾಯಿ?"

ಮೊಮ್ಮಗಳು ಆಸ್ಪತ್ರೆಗೆ ಅವಳ ಜೊತೆ ಬಂದಿದ್ದ ನನ್ನ ಕಡೆ ತಿರುಗಿ, "ಅಜ್ಜಿ, ನೀನು ಮುಂದೆ ನಡಿ" ಅಂದ್ಲು. ನಾನು ಮುಂದೆ, ಅಜ್ಜ ಹಿಂದೆ "ಹುರ್ರ್, ಹುರ್ರ್" ಅಂತ. ನಡೆದೇ ಬಿಟ್ಟ! ನಾನು ದಾರಿಯುದ್ದಕ್ಕೂ "ಹುಷಾರಣ್ಣ, ನಿಧಾನ ಅಣ್ಣ" ಅಂತಿದ್ದೆ.

ವಾರ ಕಳೆದ ಮೇಲೆ ಅಜ್ಜ ದೂರು ಕೊಟ್ಟ: "ಈ ಕುರಿ ಭಾಳ ಮಾತಾಡ್ತೈತೆ ತಾಯಿ, ಬೇರೆ ಕೊಡ್ರಿ."

ಶೇಂಗಾ ಹೊಲದ ಸಂದರ್ಶನ

ಆರಿಸೋ ದಿನ ನಾನೂ ಮೊಮ್ಮಗಳೂ ಅಜ್ಜನ ಮನೆಗೇ ಹೋದ್ವಿ. ಪರದೇಶದ ಸಾಹೇಬ್ರು ಲ್ಯಾಪ್‌ಟಾಪಿನೊಳಗೆ ಸಾಲಾಗಿ ಬಂದು ಕೂತ್ರು. ಅಜ್ಜ ತನ್ನ ಅಂಗಳದ ಮಂಚದಿಂದ ಎದ್ದು ನಾಲ್ಕು ಹೆಜ್ಜೆ ಹಾಕಿ ತೋರಿಸಬೇಕು. ಅಷ್ಟರಲ್ಲಿ ಆತನ ಟಗರು ಪಕ್ಕದ ಶೇಂಗಾ ಹೊಲಕ್ಕೆ ನುಗ್ಗಬೇಕಾ! ಅಜ್ಜ ಕೋಲನ್ನೂ ಬಿಟ್ಟು ಎದ್ದು ಹೊರಟೇ ಹೋದ. ಸಾಹೇಬ್ರಿಗೆ ಕಂಡಿದ್ದು ಖಾಲಿ ಮಂಚ.

"ಎಲ್ಲಾ ಹಾಳಾಯ್ತಜ್ಜಿ" ಅಂತ ಮೊಮ್ಮಗಳು ಅಳೋ ಹಂಗಾದ್ಲು.

"ಹಾಳ್ಯಾಕೆ ಆಗ್ತೈತೆ? ಅವರನ್ನೇ ಕರ್ಕೊಂಡು ಹೋಗಾಣ ನಡಿ" ಅಂತ ಲ್ಯಾಪ್‌ಟಾಪನ್ನ ಬಿಂದಿಗೆ ಹಂಗೆ ಸೊಂಟಕ್ಕೆ ಏರಿಸ್ಕೊಂಡು ಬದುವಿನ ಮೇಲೆ ಓಡಿದೆ. ಅಷ್ಟೂ ಸಾಹೇಬ್ರು ನನ್ನ ಸೊಂಟದ ಮೇಲೆ ಕುಲುಕ್ತಾ ಬಂದ್ರು. ಅಜ್ಜ ಟಗರಿನ ಕೊಂಬು ಹಿಡಿದು ನಿಂತಿದ್ದನ್ನ ಕಣ್ಣಾರೆ ನೋಡಿ ಚಪ್ಪಾಳೆ ಹೊಡೆದ್ರು. ಆರಿಸಿದ್ದು ನನ್ನ ಮೊಮ್ಮಗಳನ್ನೇ!

ಮೈಸೂರುಪಾಕು ಹಿಡ್ಕೊಂಡು ಅಜ್ಜನಿಗೆ ಸುದ್ದಿ ಹೇಳಾಕೆ ಹೋದ್ವಿ. ಆತ ಮೊಮ್ಮಗಳ ತಲೆ ಮೇಲೆ ಕೈಯಿಟ್ಟ.

"ಹೋಗಿ ಬಾ ತಾಯಿ. ಪಾಪ, ಅಷ್ಟು ಹೊತ್ತಲ್ಲಿ ಆ ಸಾಹೇಬ್ರು ಒಬ್ಬರಾದ್ರೂ ಕುರ್ಚಿಯಿಂದ ಏಳಲಿಲ್ಲ. ಮೊದಲು ಅವರನ್ನ ನಡೆಸು."